ಖಾಲಿ ರಾತ್ರಿಗಳ ಲೆಕ್ಕ

ಅಡಿಕೆ ತೋಟದ ಬೇಲಿ ಪಕ್ಕದ ಕಾಲುದಾರಿ. ಅಲ್ಲೊಂದು ಮರದ ಬುಡಕ್ಕೆ, ಮೊಣಕಾಲೆತ್ತರದಲ್ಲಿ, ಪಟ್ಟಿ ಬಿಗಿದು ಕಟ್ಟಿದ ಡಬ್ಬಿ. ಬಣ್ಣ ತರಗೆಲೆಯದು, ಗಾತ್ರ ಬುತ್ತಿ ಡಬ್ಬಿಯದು. ಒಳಗೆ ಪೆನ್ ಸೆಲ್ಲುಗಳು ಮತ್ತು ಒಂದು ಮೆಮೊರಿ ಕಾರ್ಡು. ಎದುರಿಗೆ ಒಂದು ಲೆನ್ಸು, ಅದರ ಕೆಳಗೆ ಶಾಖ ಗುರುತಿಸುವ ಪುಟ್ಟ ಕಿಂಡಿ. ಬಿಸಿ ಮೈಯ ಪ್ರಾಣಿಯೊಂದು ಮುಂದೆ ಹಾದರೆ ಹಿನ್ನೆಲೆಯ ಶಾಖಕ್ಕೂ ಅದರ ಮೈಶಾಖಕ್ಕೂ ಇರುವ ವ್ಯತ್ಯಾಸ ಆ ಕಿಂಡಿಗೆ ತಿಳಿಯುತ್ತದೆ. ಕೂಡಲೇ ಚಿತ್ರ ದಾಖಲಾಗುತ್ತದೆ, ಮೂಲೆಯಲ್ಲಿ ತಾರೀಖು ಮತ್ತು ಗಂಟೆ ಸಮೇತ. ಕತ್ತಲಲ್ಲಿ ಕಣ್ಣಿಗೆ ಕುಕ್ಕದ ಅವಕೆಂಪು ಬೆಳಕು ಸಾಕು. ಇದೇ ಕ್ಯಾಮೆರಾ ಟ್ರ್ಯಾಪ್. ತಿಂಗಳ ಮೇಲೆ ಕಾರ್ಡು ತೆಗೆದು ನೋಡಿದರೆ ಅದರಲ್ಲಿ ಬಹುಪಾಲು ಬಿಸಿಲಿಗೆ ಕಾದು ಗಾಳಿಗೆ ಅಲ್ಲಾಡಿದ ಎಲೆಗಳು, ಊರನಾಯಿ, ನೀರು ಕಟ್ಟಲು ಬಂದ ತೋಟದವರ ಕಾಲು. ನಡುವೆ ಎಲ್ಲೋ ಒಂದು ಪುನುಗುಬೆಕ್ಕಿನ ಬಾಲ. ಸಿಕ್ಕಿದ ಬಾಲವನ್ನು ಹತ್ತು ಜನರಿಗೆ ಕಳಿಸಿ, ಉಳಿದದ್ದನ್ನೆಲ್ಲ ಅಳಿಸಿಹಾಕುವುದು ರೂಢಿ. ಹೀಗೆ ಅಳಿಸಿಹಾಕುವಾಗ ಆ ಕ್ಯಾಮೆರಾ ಹೇಳಲು ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾತು ಹೋಗಿಬಿಡುತ್ತದೆ. ಆಸಕ್ತ ಜನರು ತಮ್ಮ ಜಮೀನಿನಲ್ಲಿ ಕ್ಯಾಮೆರಾ ಕಟ್ಟಿ ವನ್ಯಜೀವಿಗಳ ಲೆಕ್ಕಕ್ಕೆ ನೆರವಾಗಬಹುದು, ಕರ್ನಾಟಕಕ್ಕೆ ಇವತ್ತು ಅದು ಬಹಳ ಬೇಕಾದ ಕೆಲಸವೂ ಹೌದು ಎಂಬುದು ನನ್ನ ವಾದ. ಆದರೆ ಏನೂ ಬಾರದ ರಾತ್ರಿಗಳನ್ನೂ ಬಂದ ರಾತ್ರಿಗಳಷ್ಟೇ ಶ್ರದ್ಧೆಯಿಂದ ಬರೆದಿಟ್ಟರೆ ಮಾತ್ರ ಆ ಕೆಲಸಕ್ಕೆ ಬೆಲೆ.

ಖಾಲಿ ರಾತ್ರಿಗೆ ಯಾಕಿಷ್ಟು ಮಹತ್ವ? ಒಂದು ಸಣ್ಣ ಗಣಿತ ನೋಡಿ. ತೋಟವೊಂದರಲ್ಲಿ ಪುನುಗುಬೆಕ್ಕು ನಿಜವಾಗಿಯೂ ಓಡಾಡುತ್ತಿದೆ, ಯಾವುದೇ ಒಂದು ರಾತ್ರಿ ಅದು ಕ್ಯಾಮೆರಾಕ್ಕೆ ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಹತ್ತು ರಾತ್ರಿ ಕ್ಯಾಮೆರಾ ಇಟ್ಟರೆ ಒಮ್ಮೆಯೂ ಸಿಗದೆ ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 35. ಮೂವತ್ತು ರಾತ್ರಿ ಇಟ್ಟರೆ ಅದು ನೂರಕ್ಕೆ 4ಕ್ಕೆ ಇಳಿಯುತ್ತದೆ. ಹತ್ತು ರಾತ್ರಿ ನೋಡಿ 'ಇಲ್ಲಿ ಪುನುಗು ಇಲ್ಲ' ಎಂದವರ ಮಾತು ಅವಸರದ್ದು. ಮೂವತ್ತು ರಾತ್ರಿ ನೋಡಿ ಹೇಳಿದವರ ಮಾತಿಗೆ ತೂಕವಿದೆ. ಎಷ್ಟು ರಾತ್ರಿ ನೋಡಿದರು ಎಂಬುದೇ ಗೊತ್ತಿಲ್ಲದಿದ್ದರೆ ಇಬ್ಬರ ಮಾತನ್ನೂ ತೂಗುವ ತಕ್ಕಡಿಯೇ ಇಲ್ಲದಂತಾಗುತ್ತದೆ. 'ಮೊದಲೆಲ್ಲ ನಮ್ಮ ಕಡೆ ಬರ್ಕ ಬೇಕಾದಷ್ಟಿತ್ತು, ಈಗ ಕಾಣೋದೇ ಇಲ್ಲ' ಎಂಬ ಮಾತು ಮಲೆನಾಡಿನಲ್ಲಿ ಎಲ್ಲಿ ಹೋದರೂ ಕೇಳುತ್ತದೆ. ಆ ಮಾತು ನಿಜವಿರಬಹುದು. ಆದರೆ ಬರ್ಕ ಎಂಬ ಆ ಪುಟ್ಟ ಕಾಡುಪ್ರಾಣಿ ಕಡಿಮೆಯಾಯಿತೋ, ರಾತ್ರಿ ತೋಟದಲ್ಲಿ ನಡೆದಾಡುವ ಮನುಷ್ಯರು ಕಡಿಮೆಯಾದರೋ ಎಂದು ಕೇಳಿದರೆ ಉತ್ತರ ಹೇಳಲು ಯಾರ ಬಳಿಯೂ ದಾಖಲೆಯಿಲ್ಲ.

ದಾಖಲೆಯಿಲ್ಲದ ನಂಬಿಕೆ ಎಷ್ಟು ದುಬಾರಿ ಎಂಬುದನ್ನು ಈ ದೇಶ ಹುಲಿಯ ವಿಷಯದಲ್ಲೇ ಕಲಿತಿದೆ. ದಶಕಗಳ ಕಾಲ ನಮ್ಮಲ್ಲಿ ಹುಲಿಗಳನ್ನು ಎಣಿಸಿದ್ದು ಹೆಜ್ಜೆಗುರುತಿನಿಂದ. ಒಂದೊಂದು ಹುಲಿಯ ಹೆಜ್ಜೆಯೂ ಬೇರೆ, ಅನುಭವಿಯ ಕಣ್ಣು ಅದನ್ನು ಗುರುತಿಸುತ್ತದೆ ಎಂಬುದು ಆ ಪದ್ಧತಿಯ ಆಧಾರವಾಗಿತ್ತು. ಆದರೆ ಒಂದೇ ಹುಲಿಯ ಹೆಜ್ಜೆ ಒಣ ಧೂಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಮೂಡುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳು ಉಳಿದಿದ್ದವು. 2004-05ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಆ ಆಘಾತದ ನಂತರವೇ ದೇಶದ ಎಣಿಕೆಯ ವಿಧಾನ ಬದಲಾದದ್ದು. ಬದಲಿ ವಿಧಾನಕ್ಕೆ ಹುಡುಕಾಡಬೇಕಾಗಿರಲಿಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್‌ಗಳಿಂದ ಹುಲಿ ಎಣಿಸುವ ವಿಧಾನವನ್ನು 1995ರಲ್ಲೇ ಪ್ರಕಟಿಸಿದ್ದರು. 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. ಹುಲಿಯ ಪಟ್ಟೆ ನಮ್ಮ ಹೆಬ್ಬೆರಳಿನ ಗೆರೆಯಿದ್ದಂತೆ, ಒಂದರದ್ದು ಇನ್ನೊಂದಕ್ಕಿರುವುದಿಲ್ಲ. ಎಡ ಮೈಯ ಪಟ್ಟೆ ಬಲ ಮೈಯದಕ್ಕೆ ಹೊಂದುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಮೊದಲ ಸುತ್ತಿನಲ್ಲಿ 20 ಹುಲಿಗಳು ಸಿಕ್ಕವು, ಎರಡನೇ ಸುತ್ತಿನಲ್ಲಿ ಮತ್ತೆ 20 ಸಿಕ್ಕು ಅವುಗಳಲ್ಲಿ 10 ಹಳೆಯವೇ ಆಗಿದ್ದವು ಎಂದುಕೊಳ್ಳಿ. ಸಿಕ್ಕವುಗಳಲ್ಲಿ ಅರ್ಧ ಪರಿಚಿತ ಎಂದರೆ ಮೊದಲು ನಾವು ಕಂಡದ್ದೂ ಒಟ್ಟು ಹುಲಿಗಳಲ್ಲಿ ಸುಮಾರು ಅರ್ಧವನ್ನೇ. ಅಂದರೆ ಅಲ್ಲಿರುವ ಹುಲಿಗಳು ಸುಮಾರು 40. ಇದು ಲೆಕ್ಕದ ತಿರುಳು ಮಾತ್ರ, ಈಗಿನ ವಿಧಾನಗಳು ಇದಕ್ಕಿಂತ ಎಷ್ಟೋ ಸೂಕ್ಷ್ಮ. ಕಾಣದ ಹುಲಿಗಳ ಬಗ್ಗೆಯೂ ಲೆಕ್ಕ ಹಾಕಿ ಮಾತಾಡಬಹುದು ಎಂಬುದೇ ಇದರ ದೊಡ್ಡತನ.

ಇವತ್ತು ಆ ವಿಧಾನ ಎಷ್ಟು ಬೆಳೆದಿದೆ ಎಂದರೆ, 2022ರ ಅಖಿಲ ಭಾರತ ಹುಲಿ ಅಂದಾಜಿಗೆ 32,588 ಜಾಗಗಳಲ್ಲಿ ಕ್ಯಾಮೆರಾ ಕಟ್ಟಲಾಗಿತ್ತು. ಬಂದ ಚಿತ್ರಗಳು 4 ಕೋಟಿ 70 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಸುಮಾರು 3,682 ಹುಲಿ, ಕರ್ನಾಟಕದಲ್ಲಿ 563. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ, ಈ ಐದು ಹುಲಿ ಸಂರಕ್ಷಿತ ಪ್ರದೇಶಗಳ ಒಳಗೆ ಏನಿದೆ ಎಂಬುದು ನಮಗೆ ಈಗ ಚೆನ್ನಾಗಿಯೇ ಗೊತ್ತು. ತೊಡಕಿರುವುದು ಅವುಗಳ ಗಡಿಯಾಚೆ. ಪ್ರಾಣಿಗಳಿಗೆ ಕಂದಾಯ ಇಲಾಖೆಯ ನಕ್ಷೆ ಗೊತ್ತಿಲ್ಲ. ಮಹಾರಾಷ್ಟ್ರದ ಆಗಿನ ಅಹ್ಮದ್‌ನಗರ ಜಿಲ್ಲೆಯ ಅಕೋಲೆಯಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕಬ್ಬಿನ ಗದ್ದೆಗಳ ನಡುವೆ ಕ್ಯಾಮೆರಾ ಕಟ್ಟಿದರು. ಅಲ್ಲಿ ಕಾಡೇ ಇಲ್ಲ, ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದು: ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಚಿರತೆ, ಸುಮಾರು ಐದು ಕತ್ತೆಕಿರುಬ. ಬೆಂಗಳೂರಿನ ಸುತ್ತ ವನ್ಯಜೀವಿ ವಿಜ್ಞಾನಿ ಸಂಜಯ ಗುಬ್ಬಿಯವರ ತಂಡ 282 ಚದರ ಕಿಲೋಮೀಟರಿನಲ್ಲಿ ಕ್ಯಾಮೆರಾಗಳಿಂದ ನೋಡಿ 80ರಿಂದ 85 ಚಿರತೆಗಳಿವೆ ಎಂದು ಅಂದಾಜು ಮಾಡಿತು. ಅದಕ್ಕೂ ಮೊದಲು ಅದೇ ಗುಬ್ಬಿಯವರು ಕಾವೇರಿ ವನ್ಯಧಾಮದಲ್ಲಿ ಚಿರತೆಗಳಿಗೆಂದು ಕಟ್ಟಿದ್ದ ಕ್ಯಾಮೆರಾಕ್ಕೆ ತರಕರಡಿ ಸಿಕ್ಕಿತ್ತು. ಬೆನ್ನ ಮೇಲೆ ಬಿಳಿ ಕಂಬಳಿ ಹೊದ್ದಂತಿರುವ ಆ ಪ್ರಾಣಿ ಅಲ್ಲಿರುವುದಕ್ಕೆ ಚಿತ್ರದ ಸಾಕ್ಷಿ ದೊರೆತದ್ದು ಹಾಗೆ. ಹುಡುಕದೇ ಇದ್ದದ್ದೂ ಸಿಗುತ್ತದೆ, ಕ್ಯಾಮೆರಾ ಅಲ್ಲಿದ್ದರೆ. ಆದರೆ ತುಮಕೂರಿನ ಬೆಟ್ಟಗುಡ್ಡಗಳ ತಪ್ಪಲು, ಮಂಡ್ಯದ ಕಬ್ಬಿನ ಬಯಲು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟ, ಬಯಲುಸೀಮೆಯ ಕುರುಚಲು, ಇಲ್ಲೆಲ್ಲ ವರ್ಷವಿಡೀ ಕ್ಯಾಮೆರಾ ಕಾಯುವುದು ನಾಲ್ಕಾರು ಸಂಶೋಧಕರ ತಂಡಗಳ ಕೈಯಲ್ಲಿ ಸಾಧ್ಯವಾಗುವ ಮಾತಲ್ಲ.

ಅಲ್ಲಿರುವವರು ಅಲ್ಲಿಯ ಜನರೇ. ತೋಟದ ಯಾವ ಕಂಡಿಯಲ್ಲಿ ಹಂದಿ ನುಗ್ಗುತ್ತದೆ, ಹಳ್ಳದ ಯಾವ ಬಂಡೆಯ ಮೇಲೆ ಪುನುಗು ಹಿಕ್ಕೆ ಹಾಕುತ್ತದೆ ಎಂಬುದು ಅವರಿಗೆ ಗೊತ್ತು. ಹೊರಗಿನಿಂದ ಬಂದ ತಂಡ ಅದನ್ನು ಕಲಿಯುವಷ್ಟರಲ್ಲಿ ಅದರ ಅನುದಾನ ಮುಗಿದಿರುತ್ತದೆ. ರಕ್ಷಿತ ಕಾಡಿನೊಳಗೆ ಕ್ಯಾಮೆರಾ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ವನ್ಯಧಾಮಕ್ಕೆ ಕಾಲಿಡಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡಿದೆ. ಹಾಗಾಗಿ ಸ್ವಯಂಸೇವಕರ ಸಹಜ ಜಾಗವೂ ತಮ್ಮ ಸ್ವಂತ ಜಮೀನೇ, ಅಂದರೆ ಸರಿಯಾಗಿ ದಾಖಲೆಯಿಲ್ಲದ ಜಾಗವೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದು ಸರ್ಕಾರಿ ವ್ಯವಸ್ಥೆಯಾಗಿಯೇ ನಡೆದಿದೆ. ಅಲ್ಲಿಯ ನೈಸರ್ಗಿಕ ಸಂಪನ್ಮೂಲ ಇಲಾಖೆ ಕ್ಯಾಮೆರಾ ಕೊಡುತ್ತದೆ, ತರಬೇತಿ ಕೊಡುತ್ತದೆ. ಜಮೀನುಳ್ಳವರು ಅದನ್ನು ಕಟ್ಟಿ, ಕೆಲವು ತಿಂಗಳಿಗೊಮ್ಮೆ ಸೆಲ್ಲು ಬದಲಿಸಿ, ಚಿತ್ರಗಳನ್ನು ಒಪ್ಪಿಸುತ್ತಾರೆ. ನಮ್ಮಲ್ಲಿ ಹಕ್ಕಿ ನೋಡುವವರು ಇಂಥ ಶಿಸ್ತನ್ನು ಆಗಲೇ ತೋರಿಸಿಕೊಟ್ಟಿದ್ದಾರೆ. 2015ರಿಂದ 2020ರವರೆಗೆ ನಡೆದ ಕೇರಳದ ಹಕ್ಕಿ ನಕಾಶೆಯ ಕೆಲಸದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಗೊತ್ತುಪಡಿಸಿದ ಜಾಗಕ್ಕೆ ಗೊತ್ತುಪಡಿಸಿದ ಋತುವಿನಲ್ಲೇ ಹೋಗಿ ಪಟ್ಟಿ ಮಾಡಿದರು. ಚಂದದ ಹಕ್ಕಿ ಸಿಗುವ ಕೆರೆಗಳನ್ನಷ್ಟೇ ಆರಿಸಿಕೊಂಡಿದ್ದರೆ ಅದು ನಕಾಶೆ ಆಗುತ್ತಿರಲಿಲ್ಲ.

ತರಬೇತಿಯಿಲ್ಲದವರು ಪ್ರಾಣಿಯನ್ನು ತಪ್ಪಾಗಿ ಗುರುತಿಸಿದರೆ ಲೆಕ್ಕವೆಲ್ಲ ಕೆಡುವುದಿಲ್ಲವೇ ಎಂಬುದು ವಿಜ್ಞಾನಿಗಳ ಕಡೆಯಿಂದ ಬರುವ ಆಕ್ಷೇಪ. ಕೆಡಬಹುದು, ಒಬ್ಬರ ಕಣ್ಣನ್ನೇ ನಂಬಿದರೆ. ತಾಂಜಾನಿಯಾದ ಸೆರೆಂಗೆಟಿಯಲ್ಲಿ 2010ರಿಂದ 225 ಕ್ಯಾಮೆರಾಗಳನ್ನು ಕಟ್ಟಿ, ಬಂದ ಲಕ್ಷಾಂತರ ಚಿತ್ರಗಳನ್ನು ಜಗತ್ತಿನ ಸಾಮಾನ್ಯ ಜನರ ಮುಂದೆ ಇಡಲಾಯಿತು. 28 ಸಾವಿರಕ್ಕೂ ಹೆಚ್ಚು ಮಂದಿ ಮನೆಯಲ್ಲಿ ಕೂತು ಅವುಗಳನ್ನು ವಿಂಗಡಿಸಿದರು. ಒಂದೇ ಚಿತ್ರವನ್ನು ಹಲವರಿಗೆ ತೋರಿಸಿ ಬಹುಮತದ ಉತ್ತರವನ್ನು ತೆಗೆದುಕೊಂಡಾಗ ಅದು ಪರಿಣತರ ಉತ್ತರಕ್ಕೆ ನೂರಕ್ಕೆ 96.6ರಷ್ಟು ಹೊಂದಿಕೆಯಾಯಿತು. ಅಲ್ಲಿಯೂ ಸುಮಾರು ಮುಕ್ಕಾಲು ಪಾಲು ಚಿತ್ರಗಳಲ್ಲಿ ಪ್ರಾಣಿಯೇ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಯಾರೂ ಅವನ್ನು ಎಸೆಯಲಿಲ್ಲ. ಈಗ ಕಂಪ್ಯೂಟರೇ ಪ್ರಾಣಿಯನ್ನು ಗುರುತಿಸುತ್ತದಲ್ಲ, ಜನ ಯಾಕೆ ಬೇಕು ಎನ್ನುವವರಿದ್ದಾರೆ. ಆ ಕಂಪ್ಯೂಟರಿಗೆ ಪಾಠವಾದದ್ದು ಇದೇ ಜನ ಹೆಸರು ಹಚ್ಚಿಕೊಟ್ಟ ಚಿತ್ರಗಳು. ಸೆರೆಂಗೆಟಿಯ ಬಯಲಿನಲ್ಲಿ ಕಲಿತ ಯಂತ್ರ ನಮ್ಮ ಏಲಕ್ಕಿ ಮಲೆಯ ಕತ್ತಲಲ್ಲಿ ಕಬ್ಬೆಕ್ಕನ್ನೂ ಪುನುಗನ್ನೂ ಬೇರ್ಪಡಿಸಬೇಕಾದರೆ ಇಲ್ಲಿಯ ಚಿತ್ರಗಳಿಂದ ಮತ್ತೆ ಕಲಿಯಬೇಕು. ಎಲೆ ಅಲ್ಲಾಡಿದ ಚಿತ್ರಗಳನ್ನು ಬೇರ್ಪಡಿಸುವ ಬೇಸರದ ಕೆಲಸ ಯಂತ್ರಕ್ಕಿರಲಿ, ಒಳ್ಳೆಯದೇ. ಮರಕ್ಕೆ ಡಬ್ಬಿ ಕಟ್ಟಲು, ಅದರೊಳಗೆ ಗೂಡು ಮಾಡಿದ ಇರುವೆ ಕೊಡವಲು ಕೈಯೇ ಬೇಕು.

ಹಳ್ಳಿಗಳ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಭಾರವಾದದ್ದು, ಅದಕ್ಕೆ ಹಗುರವಾಗಿ ಉತ್ತರಿಸಲಾಗದು. ಚಿರತೆ ಇದೆ ಎಂದು ಚಿತ್ರ ತೋರಿಸಿದ ಮೇಲೆ ಮಕ್ಕಳನ್ನು ಶಾಲೆಗೆ ಕಳಿಸುವುದು ಹೇಗೆ? ಚಿತ್ರ ಹೊರಬಿದ್ದ ಮರುದಿನವೇ ಬೋನು ಇಡಿ ಎಂಬ ಒತ್ತಾಯ ಏಳುವುದಿಲ್ಲವೇ? 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕು ಒಂದರಲ್ಲೇ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಆ ಮನೆಗಳ ಮುಂದೆ ನಿಂತು ಸಂರಕ್ಷಣೆಯ ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಭಯ ಹುಟ್ಟುವುದು ಚಿತ್ರದಿಂದ ಅಲ್ಲ. ಚಿತ್ರವಿಲ್ಲದ ಊರುಗಳಲ್ಲೂ ಭಯವಿದೆ, ಅಲ್ಲಿ ಅದಕ್ಕೆ ಅಂಕೆಯೂ ಇಲ್ಲ. ಒಂದು ಕಾಡುಬೆಕ್ಕು ದಾರಿ ದಾಟಿದರೂ ಸಂಜೆಯೊಳಗೆ ಅದು ಮೂರು ಚಿರತೆಯಾಗಿರುತ್ತದೆ. ಕಂಡದ್ದನ್ನೆಲ್ಲ ಹಿಡಿದು ಬೇರೆಡೆ ಬಿಡುವುದರಿಂದ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಪುಣೆ ಬಳಿಯ ಜುನ್ನರಿನಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಡುವ ಕೆಲಸ ಶುರುವಾದ ಮೇಲೆ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು ಎಂದು ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಅಕೋಲೆಯಲ್ಲಿ ಅಷ್ಟು ಚಿರತೆಗಳಿದ್ದೂ ಅಧ್ಯಯನದ ಅವಧಿಯಲ್ಲಿ ಒಬ್ಬ ಮನುಷ್ಯನ ಸಾವೂ ಆಗಿರಲಿಲ್ಲ. ವರ್ಷಗಳ ದಾಖಲೆ ಕೈಯಲ್ಲಿದ್ದರೆ, ಮೈಮೇಲಿನ ಚುಕ್ಕೆ ನೋಡಿ, ಇದು ಇಲ್ಲೇ ಹಲವು ವರ್ಷದಿಂದ ಯಾರ ತಂಟೆಗೂ ಹೋಗದೆ ಇರುವ ಚಿರತೆಯೋ, ಹೊಸದಾಗಿ ಬಂದದ್ದೋ ಎಂದು ಹೇಳಬಹುದು. ಅದು ಯಾವ ಹೊತ್ತಿಗೆ ಯಾವ ದಾರಿ ಹಿಡಿಯುತ್ತದೆ ಎಂದು ಗೊತ್ತಾದರೆ ಕೊಟ್ಟಿಗೆಯ ಬಾಗಿಲು, ಬೀದಿದೀಪ, ಹೊಲಕ್ಕೆ ನೀರು ಕಟ್ಟಲು ಹೋಗುವ ಹೊತ್ತು, ಇವನ್ನೆಲ್ಲ ಅದಕ್ಕೆ ತಕ್ಕಂತೆ ನೋಡಿಕೊಳ್ಳಬಹುದು. ಮನುಷ್ಯರನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕಾದಾಗ ಸರಿಯಾದ ಪ್ರಾಣಿಯನ್ನೇ ಹಿಡಿಯಲಿಕ್ಕೂ ಅದೇ ದಾಖಲೆ ಬೇಕು.

ಮೂರನೆಯ ಆಕ್ಷೇಪಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಕ್ಯಾಮೆರಾ ಪ್ರಾಣಿಯನ್ನು ಮಾತ್ರ ನೋಡುವುದಿಲ್ಲ. ಉತ್ತರಾಖಂಡದ ಕಾರ್ಬೆಟ್ ಕಾಡಿನ ಅಂಚಿನ ಹಳ್ಳಿಗಳಲ್ಲಿ 270 ಜನರೊಡನೆ ಮಾತಾಡಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ವರದಿ ಓದಿದರೆ ಮನಸ್ಸು ಕುಗ್ಗುತ್ತದೆ. ಸೌದೆ, ಹುಲ್ಲು ತರಲು ಹೋಗುವ ಹೆಂಗಸರಿಗೆ ಕಾಡೆಂದರೆ ಮನೆಯ ಕಟ್ಟುಪಾಡು ಬಿಟ್ಟು ಹಾಡುತ್ತ ನಗುತ್ತ ಇರಬಹುದಾದ ಜಾಗವಾಗಿತ್ತು. ಕ್ಯಾಮೆರಾ ಬಂದ ಮೇಲೆ ಅವರು ದನಿ ತಗ್ಗಿಸಿದರು. ಕೆಲವರು ಕ್ಯಾಮೆರಾ ಇಲ್ಲದ ಅಪರಿಚಿತ ಜಾಗಗಳಿಗೆ ಹೋಗತೊಡಗಿದರು. ಶೌಚಕ್ಕೆ ಕೂತಿದ್ದ ಹೆಂಗಸೊಬ್ಬರ ಚಿತ್ರ ಮೊಬೈಲುಗಳಲ್ಲಿ ಹರಿದಾಡಿತು; ಸಿಟ್ಟಿಗೆದ್ದ ಊರವರು ಕ್ಯಾಮೆರಾಗಳನ್ನು ಒಡೆದುಹಾಕಿದರು. ಹಾಡು ನಿಂತರೆ ಹುಲಿಗೂ ಮನುಷ್ಯರ ಸುಳಿವು ಸಿಗುವುದಿಲ್ಲ ಎಂಬುದು ಇನ್ನೊಂದು ಅಪಾಯ. ಇದನ್ನು ತಿಳಿದ ಮೇಲೂ 'ವಿಜ್ಞಾನಕ್ಕಾಗಿ ಇದೆಲ್ಲ ಇದ್ದದ್ದೇ' ಎನ್ನುವವರ ಕೈಗೆ ಕ್ಯಾಮೆರಾ ಕೊಡಬಾರದು. ಕೂಲಿಯ ಹೆಂಗಸರು ನಡೆಯುವ ದಾರಿ, ನೀರಿನ ಗುಂಡಿ, ಬಯಲಿನ ಮರೆ, ಇಲ್ಲೆಲ್ಲ ಕ್ಯಾಮೆರಾ ಸಲ್ಲದು. ಜಮೀನು ನಮ್ಮದೇ ಆದರೂ ಅಲ್ಲಿ ಓಡಾಡುವವರಿಗೆಲ್ಲ ಡಬ್ಬಿಯನ್ನು ತೋರಿಸಿ, ಅದು ಏನು ಮಾಡುತ್ತದೆಂದು ಹೇಳಿ, ಬೇಡವೆಂದರೆ ಬಿಚ್ಚಬೇಕು. ಮನುಷ್ಯರು ಬಂದ ಚಿತ್ರವನ್ನು ಕಾರ್ಡು ತೆರೆದ ಮೊದಲ ಗಳಿಗೆಯಲ್ಲೇ ಅಳಿಸಬೇಕು. ಅಂಥ ಚಿತ್ರಗಳ ಸಂಖ್ಯೆಯನ್ನು ದಾಖಲೆ ಪುಸ್ತಕದಲ್ಲಿ ಬರೆದರೆ ಸಾಕು, ಮುಖ ಬೇಡ. ಹಾಗೆಯೇ ಚಿಪ್ಪುಹಂದಿಯ ಚಿತ್ರವನ್ನು ಜಾಗದ ಹೆಸರಿನೊಡನೆ ಹಂಚುವುದು ಅದರ ಚಿಪ್ಪಿಗಾಗಿ ಕಾದಿರುವವರಿಗೆ ದಾರಿ ತೋರಿಸಿದಂತೆ. ಅಳಿವಿನಂಚಿನ ಪ್ರಾಣಿಯ ಜಾಗ ಮನೆಯ ಬೀಗದ ಕೈಯಷ್ಟೇ ಜೋಪಾನವಾಗಿರಬೇಕು.

ಹಾಗಾದರೆ ಈ ದಾಖಲೆ ಯಾರ ಬಳಿ ಇರಬೇಕು? ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಉಳಿದರೆ ಆ ಮನುಷ್ಯನೊಡನೆಯೇ ಅದು ಮುಗಿಯುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ-ಪ್ರಾಣಿಗಳ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು ಆ ಸಮಿತಿಯ ಕೆಲಸ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಹುಕಾಲ ಪ್ರತಿಪಾದಿಸಿದ ಕಲ್ಪನೆ ಇದು. ಒಮ್ಮೆ ಬರೆದು ಕಪಾಟಿನಲ್ಲಿಡುವ ಪುಸ್ತಕವಾಗಿ ಅದು ಉಳಿಯಬಾರದೆಂದರೆ ವರ್ಷ ವರ್ಷ ಅದಕ್ಕೆ ಹೊಸ ಸಾಲು ಸೇರಬೇಕು. ಒಂದು ಪಂಚಾಯಿತಿಗೆ ನಾಲ್ಕೈದು ಕ್ಯಾಮೆರಾ, ಅವನ್ನು ನೋಡಿಕೊಳ್ಳುವ ನಾಲ್ಕೈದು ಮನೆ, ಹತ್ತಿರದ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಚಿತ್ರ ಗುರುತಿಸುವ ಹುಡುಗ ಹುಡುಗಿಯರು, ಇಷ್ಟರಿಂದಲೇ ಆರಂಭಿಸಬಹುದು. ಎಲ್ಲವೂ ಇದರಿಂದ ತಿಳಿಯುವುದಿಲ್ಲ ನಿಜ. ಮರದಿಂದ ಇಳಿಯದ ಕಾಡುಪಾಪ ಮೊಣಕಾಲೆತ್ತರದ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಏಪ್ರಿಲ್‌ನ ಸುಡು ಮಧ್ಯಾಹ್ನ ನೆಲವೂ ಪ್ರಾಣಿಯ ಮೈಯಷ್ಟೇ ಕಾದಿರುವಾಗ ಶಾಖದ ಕಿಂಡಿಗೆ ವ್ಯತ್ಯಾಸ ತಿಳಿಯದೆ ಎದುರಿಗಿದ್ದ ಪ್ರಾಣಿಯೂ ತಪ್ಪಿಹೋಗಬಹುದು. ಆನೆ ಬಂದರೆ ಕ್ಯಾಮೆರಾವನ್ನೇ ಕಿತ್ತೆಸೆಯುತ್ತದೆ. ಇವೆಲ್ಲವೂ ಪುಸ್ತಕದಲ್ಲಿ ಬರೆಯಬೇಕಾದ ಸಂಗತಿಗಳೇ: ಸೆಲ್ಲು ಸತ್ತು ನಿಂತ ದಿನಗಳನ್ನು ಖಾಲಿ ರಾತ್ರಿಯೆಂದು ಎಣಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ. ಕ್ಯಾಮೆರಾ ಎಚ್ಚರವಾಗಿದ್ದು ಏನೂ ಕಾಣದ್ದು ಬೇರೆ, ಕ್ಯಾಮೆರಾ ಮಲಗಿದ್ದರಿಂದ ಕಾಣದ್ದು ಬೇರೆ.

ಅದಕ್ಕೇ ಈ ಕೆಲಸ ಬಲ್ಲವರು ಕ್ಯಾಮೆರಾ ಕಟ್ಟುವಾಗ ಕೆಲವು ಸಣ್ಣ ವಿಷಯಗಳಲ್ಲಿ ಹಟ ಹಿಡಿಯುತ್ತಾರೆ. ಲೆನ್ಸು ಪೂರ್ವ ಪಶ್ಚಿಮಕ್ಕೆ ಮುಖ ಮಾಡಬಾರದು, ಏಳುವ ಮುಳುಗುವ ಸೂರ್ಯ ನೇರ ಹೊಡೆಯುತ್ತದೆ. ಉತ್ತರವೋ ದಕ್ಷಿಣವೋ ಆಗಲಿ. ಮುಂದಿನ ಹುಲ್ಲು, ಕಮ್ಯುನಿಸ್ಟ್ ಗಿಡದ ಕುಡಿ ಸವರಬೇಕು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮತ್ತೆ ಸವರಬೇಕು. ಪ್ರಾಣಿ ಬರಲೆಂದು ಮೀನಿನ ತಲೆ, ಹಲಸಿನ ತೊಳೆ ಇಡಕೂಡದು. ಆಸೆಗೆ ಬಂದ ಪ್ರಾಣಿ ದಿನದ ದಾರಿಯ ಲೆಕ್ಕಕ್ಕೆ ಬಾರದು. ತಾರೀಖು ಗಂಟೆ ಸರಿಯಿದೆಯೇ ಎಂದು ಮೊದಲು ಮೊಬೈಲಿಗೆ ಹೊಂದಿಸಿ ನೋಡಬೇಕು. ಸೆಲ್ಲು ಬದಲಿಸುವಾಗ ಗಡಿಯಾರ ಹಿಂದಕ್ಕೆ ಹೋಗಿ, ಆರು ತಿಂಗಳ ಚಿತ್ರವೆಲ್ಲ ಬೇರೆ ವರ್ಷದ ಜನವರಿ ಒಂದನೇ ತಾರೀಖಿನಿಂದ ಆರಂಭವಾಗಿರುವುದು ಸಾಮಾನ್ಯ ಅವಘಡ. ಎಲ್ಲ ಮುಗಿದ ಮೇಲೆ ಒಂದು ಸ್ಲೇಟಿನ ಮೇಲೆ ಜಾಗದ ಸಂಖ್ಯೆ, ತಾರೀಖು, ಗಂಟೆ ಬರೆದು ಕ್ಯಾಮೆರಾದ ಮುಂದೆ ಹಿಡಿಯುತ್ತಾರೆ. ಕಾರ್ಡು ತೆಗೆಯಲು ಬಂದ ದಿನ ಮತ್ತೆ ಹಾಗೆಯೇ ಹಿಡಿಯುತ್ತಾರೆ. ಕೊನೆಯ ಚಿತ್ರದಲ್ಲೂ ಸ್ಲೇಟು ಮೂಡಿದ್ದರೆ ಕ್ಯಾಮೆರಾ ಅವತ್ತಿನವರೆಗೂ ಎಚ್ಚರವಿತ್ತು ಎಂದರ್ಥ. ಆ ಎರಡು ಸ್ಲೇಟುಗಳ ನಡುವೆ ಬಿದ್ದದ್ದು ನಾಲ್ಕು ಮುಳ್ಳುಹಂದಿ, ಒಂದು ಕಾಡುಬೆಕ್ಕು, ಉಳಿದಂತೆ ಬರೀ ಎಲೆ ಎಂದಾದರೆ, ಪುಸ್ತಕದಲ್ಲಿ ಮೂವತ್ತು ರಾತ್ರಿಗೆ ಮೂವತ್ತು ಸಾಲು ಬೀಳುತ್ತವೆ. ಐದರ ಮುಂದೆ ಹೆಸರು, ಇಪ್ಪತ್ತೈದರ ಮುಂದೆ ಸೊನ್ನೆ.